ಬೆಂಕಿಯ ಲೆಕ್ಕ ಕೇಳದ ಚಿತ್ರ

ಇವತ್ತಿನ ಮಾತು ಒಂದು ಹಳೆಯ ಹಾಲಿವುಡ್ ಚಿತ್ರದ ಬಗ್ಗೆ. ಹೆಸರು 'ಸ್ಯಾನ್ ಫ್ರಾನ್ಸಿಸ್ಕೋ'. ಎಂ.ಜಿ.ಎಂ. ಸ್ಟುಡಿಯೋ ಇದನ್ನು ಬಿಡುಗಡೆ ಮಾಡಿದ್ದು 1936ರ ಜೂನ್‌ನಲ್ಲಿ; ನಮ್ಮ 'ಸತಿ ಸುಲೋಚನ' ತೆರೆಗೆ ಬಂದು ಎರಡು ವರ್ಷವಾಗಿದ್ದ ಕಾಲ ಅದು. ನಿರ್ದೇಶಕ ಡಬ್ಲ್ಯು. ಎಸ್. ವಾನ್ ಡೈಕ್, ಚಿತ್ರಕಥೆ ಅನೀಟಾ ಲೂಸ್ ಎಂಬ ಲೇಖಕಿಯದು. ಕ್ಲಾರ್ಕ್ ಗೇಬಲ್, ಜೀನೆಟ್ ಮ್ಯಾಕ್‌ಡೊನಾಲ್ಡ್, ಸ್ಪೆನ್ಸರ್ ಟ್ರೇಸಿ ಮುಖ್ಯ ಪಾತ್ರಗಳಲ್ಲಿದ್ದಾರೆ. ಮುಕ್ಕಾಲು ಪಾಲು ಪ್ರೇಮಕಥೆ ಮತ್ತು ಹಾಡು. ಉಳಿದ ಪಾಲು 1906ರ ಏಪ್ರಿಲ್ 18ರ ಬೆಳಗಿನ ಜಾವ ಆ ನಗರವನ್ನು ಕೆಡವಿದ ಭೂಕಂಪ, ಅದರ ಬೆನ್ನಿಗೇ ಹೊತ್ತಿದ ಬೆಂಕಿ. ಆ ವರ್ಷ ಹೆಚ್ಚು ಹಣ ತಂದ ಚಿತ್ರಗಳಲ್ಲಿ ಇದೂ ಒಂದು. ಆರು ಆಸ್ಕರ್ ನಾಮನಿರ್ದೇಶನಗಳು ಬಂದವು, ಗೆದ್ದದ್ದು ಒಂದೇ, ಧ್ವನಿಮುದ್ರಣಕ್ಕೆ. ಹಾಡಿನ ಚಿತ್ರವೆಂದು ಹೆಸರಾದ ಇದು ಪ್ರಶಸ್ತಿ ಪಡೆದ ಆ ಧ್ವನಿಯಲ್ಲಿ ಜನಕ್ಕೆ ಇಂದಿಗೂ ನೆನಪಿರುವುದು ಗೋಡೆ ಬೀಳುವ ಸದ್ದು. ಈ ಸಣ್ಣ ವಿಚಿತ್ರದಿಂದಲೇ ನನ್ನ ವಾದ ಹೊರಡುತ್ತದೆ. ಒಂದು ನಗರದ ದುರಂತವನ್ನು ಈ ಚಿತ್ರ ಮರೆವಿನಿಂದ ಎತ್ತಿ ತಂದಿತು, ಅದು ನಿಜ. ಆದರೆ ಆ ನಗರ ಹಾಗೆ ಸುಟ್ಟುಹೋದದ್ದಕ್ಕೆ ಯಾರು ಹೊಣೆ ಎಂಬ ಪ್ರಶ್ನೆಯನ್ನು ತಾನೇ ಮೊದಲ ಅರ್ಧದಲ್ಲಿ ಎತ್ತಿ, ಕೊನೆಯಲ್ಲಿ ಹಾಡಿನೊಳಗೆ ಮುಳುಗಿಸಿಬಿಟ್ಟಿತು.

ಕಥೆಯನ್ನು ಸ್ವಲ್ಪ ಹೇಳಬೇಕು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಾರ್ಬರಿ ಕೋಸ್ಟ್ ಎಂಬ ಕೇರಿಯಿತ್ತು. ಸಾರಾಯಿ ಅಂಗಡಿ, ಜೂಜಿನ ಕಟ್ಟೆ, ಕುಣಿತದ ಮನೆ, ಸೂಳೆಗೇರಿ ಎಲ್ಲ ಒಟ್ಟಿಗೇ ಇದ್ದ ಬಂದರು ಬೀದಿ. ಅಲ್ಲಿ 'ಪ್ಯಾರಡೈಸ್' ಎಂಬ ಮೋಜುಮನೆಯ ಯಜಮಾನ ಬ್ಲ್ಯಾಕಿ ನಾರ್ಟನ್. ದೇವರನ್ನು ನಂಬದವನು, ಮಾತಿಗೆ ತಪ್ಪದವನು. 1906ರ ಹೊಸ ವರ್ಷದ ರಾತ್ರಿ ಕೆಲಸ ಕೇಳಿಕೊಂಡು ಅವನ ಬಾಗಿಲಿಗೆ ಬರುವವಳು ಮೇರಿ ಬ್ಲೇಕ್. ಕೊಲರಾಡೋದ ಸಣ್ಣ ಊರಿನ ಪಾದ್ರಿಯ ಮಗಳು, ಒಪೆರಾ ಹಾಡಬೇಕೆಂಬ ಆಸೆ ಹೊತ್ತವಳು. ಬ್ಲ್ಯಾಕಿಯ ಬಾಲ್ಯದ ಗೆಳೆಯ ಫಾದರ್ ಟಿಮ್. ಆ ಪಾತ್ರ ಟ್ರೇಸಿಯದು. ಎದುರಾಳಿ ಜ್ಯಾಕ್ ಬರ್ಲಿ, ನಾಬ್ ಹಿಲ್ ಎಂಬ ಶ್ರೀಮಂತರ ಗುಡ್ಡದವನು, ಟಿವೋಲಿ ಒಪೆರಾ ಮಂದಿರದ ಹಿಂದಿನ ಹಣದ ಕೈ. ಮೇರಿ ಯಾರ ವೇದಿಕೆಯಲ್ಲಿ ಹಾಡಬೇಕು, ಯಾರನ್ನು ಮದುವೆಯಾಗಬೇಕು ಎಂಬ ಎಳೆದಾಟವೇ ಕಥೆ. ಇಷ್ಟಾದರೆ ನೂರರಲ್ಲಿ ಒಂದು ಚಿತ್ರ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಲೂಸ್ ಕಥೆಯ ತಳದಲ್ಲಿ ಒಂದು ಕೆಂಡ ಇಟ್ಟಿದ್ದಾಳೆ. ಮೇರಿ ಕೆಲಸಕ್ಕೆ ಅಲೆಯಬೇಕಾದದ್ದೇ ಆ ರಾತ್ರಿ ಅವಳು ತಂಗಿದ್ದ ಮನೆಗೆ ಬೆಂಕಿ ಬಿದ್ದದ್ದರಿಂದ. ಅದರ ಬೆನ್ನಿಗೇ ಕೇರಿಯವರು ಬ್ಲ್ಯಾಕಿಯ ಬಳಿ ಬಂದು, ನಗರಸಭೆಯ ಚುನಾವಣೆಗೆ ನಿಲ್ಲು, ಈ ಹಾಳು ಕಟ್ಟಡಗಳಿಗೆ ಬೆಂಕಿಯಿಂದ ರಕ್ಷಣೆ ಕೊಡುವ ಕಾನೂನು ಬೇಕು ಎಂದು ಕೇಳುತ್ತಾರೆ. ಅವನು ಒಪ್ಪುತ್ತಾನೆ. ಅಂದರೆ ನೆಲ ನಡುಗುವ ಎಷ್ಟೋ ಮೊದಲೇ ಚಿತ್ರ ನಮಗೆ ಹೇಳಿಟ್ಟಿದೆ: ಈ ಊರು ಹೊತ್ತಿಕೊಳ್ಳಲು ಕಾದಿದೆ, ಅದು ಎಲ್ಲರಿಗೂ ಗೊತ್ತಿದೆ, ತಡೆಯಬೇಕಾದವರು ತಡೆಯುತ್ತಿಲ್ಲ.

ಇನ್ನು ಹಾಡುಗಳು. ಈ ಚಿತ್ರದ ಹಾಡುಗಳನ್ನು ಕಥೆಗೆ ಅಂಟಿಸಿದ ಅಲಂಕಾರ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಇಲ್ಲಿ ಮೂರು ಬಗೆಯ ಸಂಗೀತವಿದೆ, ಒಂದೊಂದೂ ಊರಿನ ಒಂದೊಂದು ಭಾಗದ್ದು. ಬಾರ್ಬರಿ ಕೋಸ್ಟಿನ ಕುಣಿತದ ಹಾಡು ಒಂದು. ಬ್ರೋನಿಸ್ಲಾವ್ ಕೇಪರ್ ಮತ್ತು ವಾಲ್ಟರ್ ಯುರ್ಮನ್ ರಾಗ ಹಾಕಿ ಗಸ್ ಕಾನ್ ಬರೆದ ಶೀರ್ಷಿಕೆ ಗೀತೆ ಆ ಜಾತಿಯದು. ನಾಬ್ ಹಿಲ್ಲಿನ ಒಪೆರಾ ಇನ್ನೊಂದು. ಗೂನೋನ 'ಫೌಸ್ಟ್', ವೆರ್ದಿಯ 'ಲಾ ಟ್ರವಿಯಾಟಾ'. ಫಾದರ್ ಟಿಮ್ಮನ ಪ್ರಾರ್ಥನಾ ಮಂದಿರದ ಕ್ರೈಸ್ತ ಗೀತೆ ಮೂರನೆಯದು. ಮೂರನ್ನೂ ಹಾಡುವ ಗಂಟಲು ಒಂದೇ, ಮೇರಿಯದು. ಊರಿನ ಮೂರು ಕೇರಿಗಳು ಎಲ್ಲಾದರೂ ಸೇರುವುದಿದ್ದರೆ ಅವಳ ಕಂಠದಲ್ಲಿ ಮಾತ್ರ. 'ಫೌಸ್ಟ್' ಆಯ್ಕೆಯೂ ಸುಮ್ಮನೆ ಆದದ್ದಲ್ಲ. ಸೈತಾನನೊಡನೆ ವ್ಯಾಪಾರ ಮಾಡಿದ ಗಂಡಸು, ಕೊನೆಯ ಗಳಿಗೆಯಲ್ಲಿ ದೇವತೆಗಳನ್ನು ಕರೆದು ಪಾರಾಗುವ ಹೆಣ್ಣು: ಬ್ಲ್ಯಾಕಿ ಮತ್ತು ಮೇರಿಯ ಕಥೆಯ ನಕ್ಷೆ ಆ ಒಪೆರಾದಲ್ಲೇ ಇದೆ. ಬ್ಲ್ಯಾಕಿ ಟಿವೋಲಿಗೆ ಹೋದದ್ದು ಪ್ರದರ್ಶನ ನಿಲ್ಲಿಸಲೆಂದು. ಹಾಡು ಕೇಳಿದ ಮೇಲೆ ಕೈಕಟ್ಟಿ ಕೂತುಬಿಡುತ್ತಾನೆ. ಗೇಬಲ್‌ನಂಥ ನಟ ಮಾತಿಲ್ಲದೆ ಕೂತು ಕೇಳಿದ್ದೇ ಆ ದೃಶ್ಯದ ಬೆಲೆ.

ಚಿತ್ರದ ತಿರುವು ಬರುವುದು ಹಾಡಿನ ತುದಿಯಲ್ಲೇ. ಬರ್ಲಿ ಪೊಲೀಸರನ್ನು ಬಳಸಿ ಪ್ಯಾರಡೈಸನ್ನು ಮುಚ್ಚಿಸಿದ್ದಾನೆ, ಬ್ಲ್ಯಾಕಿ ಬರಿಗೈಯಾಗಿದ್ದಾನೆ. ಆ ರಾತ್ರಿ 'ಚಿಕನ್ಸ್ ಬಾಲ್' ಎಂಬ ವಾರ್ಷಿಕ ಸ್ಪರ್ಧೆ. ಗೆದ್ದವರಿಗೆ ಹತ್ತು ಸಾವಿರ ಡಾಲರ್. ಬ್ಲ್ಯಾಕಿಗೆ ತಿಳಿಯದಂತೆ ಮೇರಿ ಅವನ ಪರವಾಗಿ ವೇದಿಕೆ ಹತ್ತುತ್ತಾಳೆ, ಶೀರ್ಷಿಕೆ ಗೀತೆ ಹಾಡುತ್ತಾಳೆ. ಕೇರಿಯ ಹಾಡಿಗೆ ಒಪೆರಾದ ಉಸಿರು ಸೇರಿಸಿ ಅವಳು ಹಾಡುವಾಗ ಸಭೆ ಪೂರ್ತಿ ಎದ್ದು ದನಿಗೂಡಿಸುತ್ತದೆ. ಗೆದ್ದ ಹಣವನ್ನು ಬ್ಲ್ಯಾಕಿ ಎಲ್ಲರೆದುರು ಎಸೆದುಬಿಡುತ್ತಾನೆ. ಅವಮಾನಗೊಂಡ ಮೇರಿ ಬರ್ಲಿಯೊಡನೆ ಹೊರಡುವಷ್ಟರಲ್ಲಿ ನೆಲ ಗುಡುಗುತ್ತದೆ. ಚಿತ್ರದ ಆರಂಭದ ಫಲಕ ಆ ಗಳಿಗೆಯನ್ನು 5 ಗಂಟೆ 13 ನಿಮಿಷ ಎಂದು ಮೊದಲೇ ಸಾರಿಬಿಟ್ಟಿದೆ. ಇಂದಿನ ಭೂವಿಜ್ಞಾನಿಗಳ ಲೆಕ್ಕ 5 ಗಂಟೆ 12 ನಿಮಿಷ. ಒಂದು ನಿಮಿಷದ ಜಗಳ ಬಿಡೋಣ. ಗಮನಿಸಬೇಕಾದ್ದು ಅಲ್ಲಿಂದ ಮುಂದಿನ ಸುಮಾರು 20 ನಿಮಿಷಗಳನ್ನು.

ಹೆಜ್ಜೆಗೊಂದು ಹಾಡಿದ್ದ ಚಿತ್ರದಲ್ಲಿ ಕಂಪನ ಶುರುವಾದೊಡನೆ ಸಂಗೀತ ನಿಲ್ಲುತ್ತದೆ. ಹಿನ್ನೆಲೆಯಲ್ಲಿ ಪಿಟೀಲಿಲ್ಲ, ತಮಟೆಯಿಲ್ಲ. ಇಟ್ಟಿಗೆ, ಗಾಜು, ಮರ, ಕಿರುಚಾಟ ಅಷ್ಟೆ. ಕ್ಯಾಮೆರಾ ದೊಡ್ಡ ನೋಟಕ್ಕೆ ಹೋಗುವುದಕ್ಕಿಂತ ಚೂರುಗಳನ್ನು ಹೆಕ್ಕುತ್ತದೆ: ತೂಗುದೀಪದ ತೂಗಾಟ, ಉದುರುವ ಗಾರೆ, ಬೀಳುವ ಗೋಡೆಯನ್ನು ಕತ್ತೆತ್ತಿ ನೋಡುವ ಒಂದು ಮುಖ. ಮೊದಲ ನಡುಕ ನಿಂತಾಗ ಜನ ಧೂಳು ಕೊಡವಿಕೊಂಡು ಏಳುತ್ತಾರೆ, ಮುಗಿಯಿತೆಂದುಕೊಳ್ಳುತ್ತಾರೆ. ಆಗ ಎರಡನೆಯದು ಬರುತ್ತದೆ, ಈ ಸಲ ಬೀದಿಯೇ ಬಿರಿಯುತ್ತದೆ, ನೆಲದೊಳಗಿನ ಕೊಳವೆ ಒಡೆದು ನೀರು ಚಿಮ್ಮುತ್ತದೆ. ಗಣಕಯಂತ್ರವಿಲ್ಲದ ಕಾಲದಲ್ಲಿ, ಯಂತ್ರದಿಂದ ಅಲುಗಿಸುವ ವೇದಿಕೆಗಳ ಮೇಲೆ ಸೆಟ್ ಕಟ್ಟಿ ಜೇಮ್ಸ್ ಬಸೇವಿ, ಆರ್ನಾಲ್ಡ್ ಗಿಲೆಸ್ಪಿ ಮುಂತಾದವರು ಮಾಡಿದ ಕೆಲಸ ಇದು. ಇಂದಿನ ದುರಂತ ಚಿತ್ರಗಳಲ್ಲಿ ನಗರವೊಂದು ಒಮ್ಮೆಗೇ ಕುಸಿಯುವುದನ್ನು ಆಕಾಶದಿಂದ ತೋರಿಸುತ್ತಾರೆ. ನೋಡುವವನಿಗೆ ಬೆರಗಾಗುತ್ತದೆ, ಭಯವಾಗುವುದಿಲ್ಲ. ಇಲ್ಲಿ ಭಯವಾಗುತ್ತದೆ, ಏಕೆಂದರೆ ಬೀಳುವ ಪ್ರತಿ ವಸ್ತುವೂ ಒಬ್ಬ ಮನುಷ್ಯನ ಎತ್ತರದಿಂದ ಕಾಣುತ್ತದೆ. ಈ ಭಾಗದಲ್ಲಿ ಯಾರೂ ಪಾಪಿಯಲ್ಲ, ಪುಣ್ಯವಂತನಲ್ಲ. ಗೋಡೆ ಬಿದ್ದವನು ಸಾಯುತ್ತಾನೆ, ಬೀಳದವನು ಉಳಿಯುತ್ತಾನೆ. ಚಿತ್ರ ಅತ್ಯಂತ ಪ್ರಾಮಾಣಿಕವಾಗಿರುವುದು ಇಲ್ಲಿಯೇ ಎಂದು ನನ್ನ ಎಣಿಕೆ.

ಈಗ ಚಿತ್ರವನ್ನು ಬದಿಗಿಟ್ಟು ನಿಜವಾಗಿ ನಡೆದದ್ದನ್ನು ನೋಡೋಣ. ಸ್ಯಾನ್ ಆಂಡ್ರಿಯಾಸ್ ಎಂಬ ಭೂಸ್ತರಭಂಗ ಸುಮಾರು 477 ಕಿಲೋಮೀಟರ್ ಉದ್ದಕ್ಕೆ ಸರಿಯಿತು. ತೀವ್ರತೆ ಸುಮಾರು 7.9. ನಡುಕ ಒಂದು ನಿಮಿಷಕ್ಕಿಂತ ಹೆಚ್ಚೇನೂ ಇರಲಿಲ್ಲ. ಊರನ್ನು ಮುಗಿಸಿದ್ದು ಆಮೇಲಿನ ಮೂರು ದಿನಗಳ ಬೆಂಕಿ. ಸುಮಾರು 490 ಬ್ಲಾಕುಗಳು, 28,000 ಕಟ್ಟಡಗಳು ಹೋದವು. ನಾಲ್ಕು ಲಕ್ಷ ಜನರ ಊರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೀದಿಗೆ ಬಿದ್ದರು. ಬೆಂಕಿ ಅಷ್ಟು ಹಬ್ಬಿದ್ದೇಕೆ? ನೆಲದಡಿಯ ನೀರಿನ ಕೊಳವೆಗಳು ಒಡೆದಿದ್ದವು, ಕೊಳಾಯಿಗೆ ಮೆದುಗೊಳವೆ ಹಚ್ಚಿದರೆ ನೀರಿಲ್ಲ. ಅಗ್ನಿಶಾಮಕ ದಳದ ಮುಖ್ಯಸ್ಥ ಡೆನಿಸ್ ಸಲಿವನ್ ಕಂಪನದಲ್ಲೇ ಗಾಯಗೊಂಡು ನಾಲ್ಕನೇ ದಿನ ತೀರಿಕೊಂಡ. ಬೆಂಕಿಯ ದಾರಿ ಕಡಿಯಲೆಂದು ಕಟ್ಟಡಗಳನ್ನು ಸ್ಫೋಟಿಸಿದರು, ಪಳಗಿಲ್ಲದ ಕೈಗಳು ಸಿಡಿಮದ್ದಿಟ್ಟ ಹಲವೆಡೆ ಅದೇ ಹೊಸ ಬೆಂಕಿಗೆ ದಾರಿಯಾಯಿತು. ಹೇಸ್ ಬೀದಿಯಲ್ಲಿ ಒಬ್ಬ ಹೆಂಗಸು ಬೆಳಗಿನ ತಿಂಡಿಗೆ ಒಲೆ ಹಚ್ಚಿದಾಗ ಬಿರುಕುಬಿಟ್ಟ ಚಿಮಣಿಯಿಂದ ಹೊರಟ ಬೆಂಕಿ ಊರಿನ ದೊಡ್ಡ ಭಾಗವನ್ನೇ ತಿಂದಿತು. ಅದಕ್ಕೆ 'ಹ್ಯಾಮ್ ಅಂಡ್ ಎಗ್ಸ್' ಬೆಂಕಿ ಎಂದೇ ಹೆಸರು. ಕಟ್ಟಲು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಹಿಡಿದು, ಅರವತ್ತು ಲಕ್ಷ ಡಾಲರಿಗೂ ಮಿಕ್ಕಿ ನುಂಗಿದ್ದ ನಗರಸಭಾ ಭವನ ಕ್ಷಣಗಳಲ್ಲಿ ಕುಸಿದು ಬರೀ ಉಕ್ಕಿನ ಹಂದರವಾಗಿ ನಿಂತಿತ್ತು. ಗುತ್ತಿಗೆಯ ಹಣ ಎಲ್ಲಿ ಹೋಗಿತ್ತೆಂದು ಊರಿಗೆ ಬೇರೆ ಹೇಳಬೇಕಿರಲಿಲ್ಲ. ಆಗಿನ ಮೇಯರ್ ಯುಜೀನ್ ಷ್ಮಿಟ್ಸ್, ಹಿಂದೆ ನಾಟಕಶಾಲೆಯಲ್ಲಿ ಪಿಟೀಲು ನುಡಿಸುತ್ತಿದ್ದವನು, ಲೂಟಿಕೋರರನ್ನು ಕಂಡಲ್ಲಿ ಕೊಲ್ಲಿ ಎಂದು ಆಜ್ಞೆ ಹೊರಡಿಸಿದ. ಮರುವರ್ಷ ಲಂಚದ ಹಗರಣದಲ್ಲಿ ಸುಲಿಗೆಯ ಅಪರಾಧಿ ಎಂದು ಕೋರ್ಟು ತೀರ್ಪಿತ್ತಿತು, ಮೇಲ್ಮನವಿಯಲ್ಲಿ ಆ ತೀರ್ಪು ಬಿದ್ದುಹೋಯಿತು. ಸತ್ತವರು ಕೆಲವು ನೂರು ಎಂದು ಆಗ ಪ್ರಕಟಿಸಿದರು. ದಶಕಗಳ ನಂತರ ನಗರದ ಗ್ರಂಥಪಾಲಕಿ ಗ್ಲಾಡಿಸ್ ಹ್ಯಾನ್ಸನ್ ಹೆಸರು ಹೆಸರಾಗಿ ದಾಖಲೆ ಹುಡುಕಿದ ಮೇಲೆ ಲೆಕ್ಕ 3,000ವನ್ನು ದಾಟಿತು. ಚೀನೀಯರ ಕೇರಿಯ ಸಾವುಗಳನ್ನು ಮೊದಲು ಯಾರೂ ಸರಿಯಾಗಿ ಎಣಿಸಿರಲೇ ಇಲ್ಲ. ಆ ಕೇರಿ ಸುಟ್ಟದ್ದೇ ನೆಪವಾಗಿ ಚೀನೀಯರನ್ನು ಊರಂಚಿನ ಹಂಟರ್ಸ್ ಪಾಯಿಂಟಿಗೆ ಅಟ್ಟುವ ಪ್ರಯತ್ನವೂ ನಡೆಯಿತು, ಅವರು ಜಗ್ಗಲಿಲ್ಲ.

ಇಷ್ಟೆಲ್ಲದರಲ್ಲಿ ಚಿತ್ರ ತೆಗೆದುಕೊಂಡದ್ದು ಏನು, ಬಿಟ್ಟದ್ದು ಏನು? ಸಿಡಿಮದ್ದನ್ನು ತೆಗೆದುಕೊಂಡಿತು. ನಾಬ್ ಹಿಲ್ಲಿನ ಮನೆಗಳನ್ನು ಸೈನಿಕರು ಉಡಾಯಿಸುವ ದೃಶ್ಯವಿದೆ. ಬರ್ಲಿಯ ಮುದಿತಾಯಿ ತನ್ನ ಮನೆ ಹಾರಿಹೋಗುವುದನ್ನು ನೋಡುತ್ತಾ ನಿಲ್ಲುತ್ತಾಳೆ. ಜೆಸ್ಸಿ ರಾಲ್ಫ್ ಆ ಪಾತ್ರವನ್ನು ಎದೆಗೆ ತಾಗುವಂತೆ ಮಾಡಿದ್ದಾಳೆ. ಆದರೆ ಚಿತ್ರದಲ್ಲಿ ಅದು ಊರಿಗಾಗಿ ಸಿರಿವಂತರು ಕೊಟ್ಟ ಬಲಿ. ಸಿಡಿಮದ್ದಿನಿಂದ ಬೆಂಕಿ ಹಬ್ಬಿದ ಮಾತಿಲ್ಲ. ಒಡೆದ ಕೊಳವೆ ತೋರಿಸಿತು, ಆದರೆ ಅದು ಬಿರಿದ ಬೀದಿಯ ಭಯಾನಕ ನೋಟಗಳಲ್ಲಿ ಒಂದಾಗಿ ಬಂದುಹೋಯಿತು. ಎಲ್ಲಕ್ಕಿಂತ ಮುಖ್ಯವಾದದ್ದು ಬರ್ಲಿಯ ಸಾವು. ಅವಶೇಷಗಳ ನಡುವೆ ಬ್ಲ್ಯಾಕಿ ಅವನ ಹೆಣ ಕಾಣುತ್ತಾನೆ. ಎದುರಾಳಿ ಸತ್ತ, ಪ್ರೇಮಕ್ಕಿದ್ದ ಅಡ್ಡಿ ಕಳಚಿತು. ಅದರ ಜೊತೆಗೇ ಬೆಂಕಿಯ ಕಾನೂನು, ಚುನಾವಣೆ, ಹಾಳು ಕಟ್ಟಡಗಳ ಜಗಳ, ಎಲ್ಲವೂ ಸತ್ತವು. ಅಲ್ಲಿಂದ ಮುಂದೆ ಒಂದೇ ಒಂದು ಪಾತ್ರದ ಬಾಯಲ್ಲಿ ಆ ಮಾತು ಬರುವುದಿಲ್ಲ. ಚುನಾವಣೆಗೆ ನಿಂತವನೇ ಮರೆತಿದ್ದಾನೆ. ಊರು ಕಣ್ಣೆದುರು ಉರಿಯುತ್ತಿರುವಾಗ 'ನಾನು ಆಗಲೇ ಹೇಳಿದ್ದೆ' ಎನ್ನಬೇಕಾದ ಒಬ್ಬನೇ ಮನುಷ್ಯ, ಆ ಮಾತು ಬಿಟ್ಟು, ಹುಡುಗಿಯನ್ನು ಹುಡುಕುತ್ತಾನೆ.

ಹುಡುಗಿ ಸಿಗುತ್ತಾಳೆ, ಗೋಲ್ಡನ್ ಗೇಟ್ ಉದ್ಯಾನದ ನಿರಾಶ್ರಿತರ ಬಿಡಾರದಲ್ಲಿ, ಮಗು ಸತ್ತ ತಾಯಿಯ ಪಕ್ಕ ಪ್ರಾರ್ಥನಾ ಗೀತೆ ಹಾಡುತ್ತಾ. ನಿಂತಿದ್ದ ಸಂಗೀತ ಮತ್ತೆ ಶುರುವಾಗುತ್ತದೆ, ಆದರೆ ಮೂರರಲ್ಲಿ ಒಂದು ಮಾತ್ರ. ಒಪೆರಾವೂ ಹೋಯಿತು, ಕೇರಿಯ ಕುಣಿತವೂ ಹೋಯಿತು, ಉಳಿದದ್ದು ದೇವರ ಹಾಡು. ನಾಸ್ತಿಕ ಬ್ಲ್ಯಾಕಿ ಮೊಣಕಾಲೂರಿ ದೇವರಿಗೆ ಕೃತಜ್ಞತೆ ಹೇಳುತ್ತಾನೆ. ಅಷ್ಟರಲ್ಲಿ ಬೆಂಕಿ ಆರಿತೆಂಬ ಸುದ್ದಿ. ಜನ ಹೊಸ ಊರು ಕಟ್ಟುವೆವೆಂದು ಕೂಗುತ್ತಾ, ಅಮೆರಿಕದ ಅಂತರ್ಯುದ್ಧ ಕಾಲದ ವೀರಗೀತೆ ಹಾಡುತ್ತಾ ಗುಡ್ಡ ಹತ್ತುತ್ತಾರೆ. ಕೆಳಗೆ ಹೊಗೆಯಾಡುವ ಅವಶೇಷ, ಅದು ಕರಗಿ ಹೊಸ ನಗರ ಮೂಡುತ್ತದೆ. ತಾಂತ್ರಿಕವಾಗಿ ಸೊಗಸು, ಅನುಮಾನವಿಲ್ಲ. ಆದರೆ ದೃಶ್ಯಗಳ ಈ ಜೋಡಣೆ ಹೇಳುವುದನ್ನು ನೆಟ್ಟಗೆ ಹೇಳಿಬಿಟ್ಟರೆ ಹೀಗಾಗುತ್ತದೆ: ಊರು ಮೆರೆದಿತ್ತು, ದೇವರು ಬಗ್ಗಿಸಿದ, ಊರು ಬಗ್ಗಿತು, ಬೆಂಕಿ ಆರಿತು. ನಿಜವಾದ ಬೆಂಕಿ ಆರಿದ್ದು ವಾನ್ ನೆಸ್ ಎಂಬ ಅಗಲವಾದ ರಸ್ತೆಯಲ್ಲಿ ಅದನ್ನು ತಡೆದು ನಿಲ್ಲಿಸಿದ್ದರಿಂದ, ಮಿಷನ್ ಭಾಗದಲ್ಲಿ ಇಪ್ಪತ್ತನೆಯ ಬೀದಿಯ ಬಳಿ ನೀರು ಉಳಿದಿದ್ದ ಒಂದು ಹೈಡ್ರೆಂಟಿನಿಂದ. ಆ ಹೈಡ್ರೆಂಟಿಗೆ ಪ್ರತಿ ವರ್ಷ ಚಿನ್ನದ ಬಣ್ಣ ಬಳಿಯುವ ಪದ್ಧತಿ ಇಂದಿಗೂ ಇದೆ. ದೈವಶಿಕ್ಷೆಯ ವಾದಕ್ಕೆ ಊರೇ ಕೊಟ್ಟ ಇನ್ನೊಂದು ಉತ್ತರವಿದೆ. ಜ್ಯಾಕ್ಸನ್ ಬೀದಿಯಲ್ಲಿ, ಬಾರ್ಬರಿ ಕೋಸ್ಟಿನ ಮಗ್ಗುಲಲ್ಲೇ, ಹೋಟಲಿಂಗ್ ಕಂಪನಿಯ ವಿಸ್ಕಿ ಗೋದಾಮು ಸುಡದೆ ಉಳಿಯಿತು. ಎಷ್ಟೋ ಇಗರ್ಜಿಗಳು ಸುಟ್ಟವು. ಅದರ ಮೇಲೆ ಆಗಲೇ ಒಂದು ಚುಟುಕ ಹುಟ್ಟಿ ಊರೆಲ್ಲ ಓಡಾಡಿತು. ಬಾರ್ಬರಿ ಕೋಸ್ಟ್ ಕೂಡ ಮೊಣಕಾಲೂರಲಿಲ್ಲ, ಬೇಗನೇ ಮತ್ತೆ ಬಾಗಿಲು ತೆರೆಯಿತು. ಅದನ್ನು ಮುಚ್ಚಿಸಿದ್ದು ಒಂದು ದಶಕದ ನಂತರದ ಕಾನೂನು.

ಇಲ್ಲಿ ಚಿತ್ರದ ಪರವಾಗಿ ಒಂದು ಮಾತು ಆಡಲೇಬೇಕು. 1906ರ ಊರಿನ ವರ್ತಕರು, ರೈಲ್ವೆ ಕಂಪನಿಯವರು ತಮ್ಮದೇ ಒಂದು ಮರೆವನ್ನು ಆಗಲೇ ಹರಡಿಬಿಟ್ಟಿದ್ದರು. ಭೂಕಂಪ ಎಂದರೆ ಹೊರಗಿನ ಬಂಡವಾಳ ಹೆದರಿ ಓಡುತ್ತದೆ. ಬೆಂಕಿ ಎಂದರೆ ಯಾವ ಊರಿಗೂ ಬರಬಹುದಾದದ್ದು, ಚಿಕಾಗೋಗೂ ಬಂದಿತ್ತು. ವಿಮೆಯ ವಿಷಯವೂ ಇತ್ತು. ಬಹುಪಾಲು ವಿಮೆಗಳು ಬೆಂಕಿಗೆ ಹಣ ಕೊಡುತ್ತಿದ್ದವು, ಕಂಪನಕ್ಕೆ ಕೊಡುತ್ತಿರಲಿಲ್ಲ. ಹಾಗಾಗಿ 'ಮಹಾ ಅಗ್ನಿ' ಎಂಬ ಹೆಸರನ್ನೇ ಮುಂದೆ ಮಾಡಿದರು. ಆ್ಯಂಡ್ರೂ ಲಾಸನ್ ನೇತೃತ್ವದ ಆಯೋಗ ಭೂಸ್ತರಭಂಗವನ್ನು ಅಡಿ ಅಡಿಯಾಗಿ ಅಳೆದು 1908ರಲ್ಲಿ ವರದಿ ಹೊರತಂದಾಗ, ಅದಕ್ಕೆ ಹಣ ಬಂದದ್ದು ಕಾರ್ನೆಗಿ ಸಂಸ್ಥೆಯಿಂದ. ರಾಜ್ಯ ಸರ್ಕಾರ ಹಣ ಕೊಡಲಿಲ್ಲ. ಆ ಮೌನವನ್ನು ಈ ಚಿತ್ರ ಮುರಿಯಿತು. ಮೂವತ್ತು ವರ್ಷದ ನಂತರ ನೆಲ ಬಿರಿಯುವುದನ್ನು ದೇಶಕ್ಕೆಲ್ಲ ತೋರಿಸಿ, ಅಂದು ಬಂದದ್ದು ಭೂಕಂಪವೇ ಎಂದು ನೆನಪಿಸಿತು. ಆದರೆ ವರ್ತಕರು ಬೆಂಕಿಯ ಹಿಂದೆ ಕಂಪನವನ್ನು ಅಡಗಿಸಿದ್ದರೆ, ಚಿತ್ರ ಕಂಪನದ ಹಿಂದೆ ಬೆಂಕಿಯನ್ನು ಅಡಗಿಸಿತು. ಒಬ್ಬರು ನಿಸರ್ಗವನ್ನು ಮರೆಸಿದರು, ಇನ್ನೊಬ್ಬರು ಮನುಷ್ಯನ ಕೈವಾಡವನ್ನು. ಎರಡರಲ್ಲೂ ಉತ್ತರ ಹೇಳಬೇಕಾದವರು ಪಾರಾದರು.

ಒಂದು ಆಕ್ಷೇಪವನ್ನು ನಾನು ಊಹಿಸಬಲ್ಲೆ. ಸ್ವಾಮೀ, ಇದು ಹಾಡು-ಕುಣಿತದ ಚಿತ್ರ, ನೀವು ಇದರಿಂದ ವಿಚಾರಣಾ ಆಯೋಗದ ವರದಿ ಕೇಳುತ್ತಿದ್ದೀರಲ್ಲ? ಹೊರಗಿನಿಂದ ತಂದ ಅಳತೆಗೋಲಿನಿಂದ ಅಳೆದಿದ್ದರೆ ಈ ಆಕ್ಷೇಪ ಸರಿ. ಆದರೆ ಬೆಂಕಿಯ ಕಾನೂನಿನ ಮಾತು ನಾನು ತಂದದ್ದಲ್ಲ, ಚಿತ್ರವೇ ತಂದದ್ದು. ಕಥೆಯಲ್ಲಿ ಎತ್ತಿದ ಎಳೆಯನ್ನು ಕಥೆ ಕೈಬಿಟ್ಟರೆ ಅದು ಕಲೆಯ ಲೋಪ. ಬ್ಲ್ಯಾಕಿಯ ಪಾತ್ರಕ್ಕೂ ಇದರಿಂದ ನಷ್ಟವಾಗಿದೆ. ಕೇರಿಯ ಪರವಾಗಿ ನಿಂತ ಅವನ ನ್ಯಾಯಬುದ್ಧಿಗೆ ಕೊನೆಯಲ್ಲಿ ಕೆಲಸವೇ ಇಲ್ಲ. ಅವನ ದೋಷವೆಂದು ಉಳಿದದ್ದು ದೇವರನ್ನು ನಂಬದಿದ್ದದ್ದೊಂದೇ.

ಇನ್ನೊಂದು ಆಕ್ಷೇಪ ಕಾಲದ್ದು. 1936 ಅಮೆರಿಕದಲ್ಲಿ ಆರ್ಥಿಕ ಮುಗ್ಗಟ್ಟಿನ ವರ್ಷ. ಕೆಲಸ ಕಳೆದುಕೊಂಡು ಟಿಕೆಟ್ಟಿಗೆ ಕಾಸು ಕೂಡಿಸಿ ಬಂದವರಿಗೆ ಬಿದ್ದ ಊರು ಮತ್ತೆ ಎದ್ದಿತೆಂಬ ಮಾತು ಬೇಕಿತ್ತು ಎನ್ನುತ್ತಾರೆ. ಬೇಕಿದ್ದಿರಬಹುದು. ಆದರೆ ಅದೇ ಪ್ರೇಕ್ಷಕರು ರೂಸ್ವೆಲ್ಟ್‌ಗೆ ಮತ ಹಾಕಿದವರು. ಮುಗ್ಗಟ್ಟು ದೇವರ ಶಿಕ್ಷೆಯಲ್ಲ, ಬ್ಯಾಂಕುಗಳ, ಆಡಳಿತದ ತಪ್ಪು ಎಂದು ಅರಿತವರು. ಭರವಸೆ ಬೇಕಾದವನಿಗೆ ಕಾರಣ ತಿಳಿಯಬಾರದೆಂದೇನಿಲ್ಲ. ಅಲ್ಲದೆ 1933ರ ಮಾರ್ಚ್‌ನಲ್ಲಿ ಲಾಸ್ ಏಂಜಲಿಸ್ ಪಕ್ಕದ ಲಾಂಗ್ ಬೀಚ್ ನಡುಗಿ ಶಾಲಾ ಕಟ್ಟಡಗಳು ಉರುಳಿದ್ದವು. ಸಂಜೆ ಹೊತ್ತಾದ್ದರಿಂದ ಮಕ್ಕಳು ಒಳಗಿರಲಿಲ್ಲ. ಒಂದೇ ತಿಂಗಳಲ್ಲಿ ಕ್ಯಾಲಿಫೋರ್ನಿಯ ಶಾಲಾ ಕಟ್ಟಡಗಳಿಗೆ ಕಟ್ಟುನಿಟ್ಟಿನ ಕಾನೂನು ಮಾಡಿತು. ಅಂದರೆ ಈ ಚಿತ್ರ ತಯಾರಾದ ಊರಿನಲ್ಲೇ, ಅದಕ್ಕೆ ಮೂರು ವರ್ಷ ಮೊದಲು, ಭೂಕಂಪವೆಂದರೆ ಕಟ್ಟಡದ ಗುಣಮಟ್ಟದ ಪ್ರಶ್ನೆ ಎಂಬುದು ಸಾಮಾನ್ಯ ತಿಳಿವಳಿಕೆಯಾಗಿತ್ತು.

ಬಲವಾದ ಆಕ್ಷೇಪ ಬೇರೆಯೇ ಇದೆ. ಅಂಥ ಹೊತ್ತಿನಲ್ಲಿ ಮನುಷ್ಯ ದೇವರನ್ನು ಕರೆಯುವುದು ಸಹಜವಲ್ಲವೇ? ಚಿತ್ರ ಅದನ್ನು ತೋರಿಸಿದರೆ ಸುಳ್ಳೇನು? ಇದಕ್ಕೆ ದೊಡ್ಡ ಸಾಕ್ಷಿಯೇ ಇದ್ದಾನೆ. ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ ಆ ದಿನ ಪಕ್ಕದ ಸ್ಟ್ಯಾನ್‌ಫರ್ಡಿನಲ್ಲಿದ್ದ. ಕಂಪನದ ಬೆಳಿಗ್ಗೆಯೇ ರೈಲು ಹತ್ತಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ನೋಡಿ, ಕೆಲವೇ ವಾರಗಳಲ್ಲಿ ಒಂದು ಲೇಖನ ಬರೆದ. ನಡುಗುವ ಆ ಗಳಿಗೆಯಲ್ಲಿ ಭೂಕಂಪ ತನಗೆ ಜೀವವಿರುವ, ಉದ್ದೇಶವಿಟ್ಟುಕೊಂಡೇ ಬಂದ ಒಬ್ಬ ವ್ಯಕ್ತಿಯಂತೆ ತೋರಿತು ಎನ್ನುತ್ತಾನೆ. ಬೇರೆಯವರಿಗೂ ಹಾಗೆಯೇ ಅನಿಸಿದ್ದನ್ನು ದಾಖಲಿಸುತ್ತಾನೆ. ಹಿಂದಿನವರು ಭೂಕಂಪದಲ್ಲಿ ದೇವರ ಕೈ ಕಂಡದ್ದು ಎಷ್ಟು ಸಹಜ ಎಂದು ಆಗ ತನಗೆ ಅರ್ಥವಾಯಿತು ಎನ್ನುವ ಧಾಟಿ ಅವನದು. ಆದ್ದರಿಂದ ಬ್ಲ್ಯಾಕಿ ಮೊಣಕಾಲೂರಿದ್ದು ಸುಳ್ಳಲ್ಲ. ಆದರೆ ಜೇಮ್ಸ್ ಅಲ್ಲಿಗೆ ನಿಲ್ಲಿಸಲಿಲ್ಲ. ಅವನನ್ನು ಹೆಚ್ಚು ಬೆರಗುಗೊಳಿಸಿದ್ದು ಅದೇ ಜನ ಗಂಟೆಗಳೊಳಗೆ ಗೊಂದಲದ ನಡುವೆ ವ್ಯವಸ್ಥೆ ಕಟ್ಟಿಕೊಂಡ ರೀತಿ, ಗೋಳಾಟವಿಲ್ಲದ ಅವರ ಸಮಚಿತ್ತ. ಚಿತ್ರದ ಬಿಡಾರದಲ್ಲಿ ಒಲೆ ಹಚ್ಚಿದವರಿಗೆ, ಸಾರು ಹಂಚಿದವರಿಗೆ, ಕಕ್ಕಸು ಅಗೆದವರಿಗೆ ಮುಖವಿಲ್ಲ. ಪ್ರಾರ್ಥನೆ ತೋರಿಸಿದ್ದಕ್ಕೆ ನನ್ನ ತಕರಾರಿಲ್ಲ. ಅದೊಂದನ್ನೇ ತೋರಿಸಿದ್ದಕ್ಕೆ ಇದೆ.

ಈ ಅಚ್ಚು ಎಷ್ಟು ಚೆನ್ನಾಗಿ ಹಣ ತಂದಿತೆಂದರೆ ಇತರ ಸ್ಟುಡಿಯೋಗಳು ಅದರಲ್ಲೇ ಎರಕ ಹೊಯ್ದವು. 1938ರಲ್ಲಿ 'ಇನ್ ಓಲ್ಡ್ ಚಿಕಾಗೋ' ಬಂತು. 1871ರ ಚಿಕಾಗೋ ಬೆಂಕಿಗೆ ಓಲಿಯರಿ ಮನೆಯ ಹಸುವೇ ಕಾರಣವೆಂಬ ಹಳೆಯ ಕಟ್ಟುಕಥೆಯನ್ನೇ ನೆಚ್ಚಿಕೊಂಡಿತು. ಚಿಕಾಗೋ ನಗರಸಭೆ 1997ರಲ್ಲಿ ಓಲಿಯರಿಯನ್ನೂ ಅವಳ ಹಸುವನ್ನೂ ವಿಧಿವತ್ತಾಗಿ ದೋಷಮುಕ್ತರೆಂದು ಸಾರಬೇಕಾಯಿತು. 1939ರ 'ದಿ ರೇನ್ಸ್ ಕೇಮ್' ನಮ್ಮ ದೇಶಕ್ಕೇ ಬಂತು: ರಾಂಚಿಪುರ ಎಂಬ ಕಲ್ಪಿತ ಸಂಸ್ಥಾನ, ಭೂಕಂಪ, ಒಡೆಯುವ ಅಣೆಕಟ್ಟು, ಪ್ಲೇಗು, ದಾರಿ ತಪ್ಪಿದ ಇಂಗ್ಲಿಷ್ ಮಹಿಳೆಯ ಪ್ರಾಯಶ್ಚಿತ್ತ. ಅಣೆಕಟ್ಟು ಏಕೆ ಒಡೆಯಿತೆಂದು ಅಲ್ಲಿಯೂ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋ ಏನನ್ನೂ ಕಲಿಯಲಿಲ್ಲ ಎಂದರೆ ಅನ್ಯಾಯವಾದೀತು. 1906ರ ನಂತರ ಬೆಂಕಿಗೆಂದೇ ಪ್ರತ್ಯೇಕವಾದ, ಹೆಚ್ಚಿನ ಒತ್ತಡದ ನೀರಿನ ಜಾಲವನ್ನು ಕಟ್ಟಿತು, ಬೀದಿಯಡಿ ನೀರಿನ ತೊಟ್ಟಿಗಳನ್ನು ಹೂಳಿತು. ಹಾಗೆಂದು ಎಲ್ಲ ಕಡೆ ಎಚ್ಚರದಿಂದಿತ್ತೆಂದಲ್ಲ. 1915ರ ವಸ್ತುಪ್ರದರ್ಶನಕ್ಕೆಂದು ಕೊಲ್ಲಿಯ ಅಂಚನ್ನು ತುಂಬಿ ಮಾಡಿದ ನೆಲದ ಮೇಲೆ ಆಮೇಲೆ ಮರೀನಾ ಬಡಾವಣೆ ಎದ್ದಿತು. 1989ರ ಅಕ್ಟೋಬರ್ 17ರ ಲೋಮಾ ಪ್ರಿಯೆಟಾ ಭೂಕಂಪದಲ್ಲಿ ಆ ತುಂಬಿದ ನೆಲ ಕೆಸರಿನಂತೆ ಸಡಿಲಾಗಿ ಮನೆಗಳು ವಾಲಿದವು, ಕೊಳವೆಗಳು ಒಡೆದವು, ಬೆಂಕಿ ಎದ್ದಿತು, ಕೊಳಾಯಿಯಲ್ಲಿ ನೀರಿರಲಿಲ್ಲ. 'ಫೀನಿಕ್ಸ್' ಎಂಬ ಅಗ್ನಿಶಾಮಕ ದೋಣಿ ಕೊಲ್ಲಿಯ ನೀರೆತ್ತಿ ಕೊಟ್ಟದ್ದರಿಂದ ಬಡಾವಣೆ ಉಳಿಯಿತು. ಅದಕ್ಕೆ ಐದು ವರ್ಷ ಮೊದಲು, 1984ರಲ್ಲಿ, ನಗರ ಈ ಚಿತ್ರದ ಶೀರ್ಷಿಕೆ ಗೀತೆಯನ್ನು ತನ್ನ ಅಧಿಕೃತ ಗೀತೆಯೆಂದು ಘೋಷಿಸಿತ್ತು. ಪ್ರತಿ ಏಪ್ರಿಲ್ 18ರ ಬೆಳಗಿನ ಜಾವ ಲೊಟ್ಟಾಸ್ ಫೌಂಟನ್ ಎಂಬ ಕಾರಂಜಿಯ ಬಳಿ ಜನ ಸೇರಿ ಸತ್ತವರನ್ನು ನೆನೆದಾಗಲೂ ಅದನ್ನೇ ಹಾಡುತ್ತಾರೆ. ಮೋಜುಮನೆಗೆಂದು ಕಟ್ಟಿದ ಹಾಡು ಶ್ರದ್ಧಾಂಜಲಿಯ ಹಾಡಾಗಿದೆ. ಆ ಕೇರಿಯ ಸಂಗೀತವನ್ನು ಊರು ಉಳಿಸಿಕೊಂಡಿತು. ನನಗೆ ಇದು ಚಿತ್ರದ ಮುಕ್ತಾಯಕ್ಕಿಂತ ಹೆಚ್ಚು ಸರಿ ಎನಿಸುತ್ತದೆ.

ಆ ಮುಕ್ತಾಯದ ಗತಿ ಏನಾಯಿತೆಂದು ಹೇಳಿ ಮುಗಿಸುತ್ತೇನೆ. 1936ರ ಪ್ರತಿಯಲ್ಲಿ ಅವಶೇಷ ಕರಗಿದ ಮೇಲೆ ಅಂದಿನ ನಗರದ ಓಡಾಟದ ದೃಶ್ಯಗಳನ್ನು ಒಂದರ ಹಿಂದೆ ಒಂದು ಪೋಣಿಸಿದ್ದರು. ಪ್ರೇಕ್ಷಕ ತನ್ನ ಕಾಲದ ಊರನ್ನೇ ಅಲ್ಲಿ ಗುರುತಿಸಿ ಹೆಮ್ಮೆಪಡಲಿ ಎಂಬುದು ಉದ್ದೇಶ. ಹನ್ನೆರಡು ವರ್ಷ ಕಳೆದು 1948ರಲ್ಲಿ ಚಿತ್ರವನ್ನು ಮತ್ತೆ ಬಿಡುಗಡೆ ಮಾಡುವಾಗ ಅವು ಹಳಸಿದಂತೆ ಕಂಡವು. ಸ್ಟುಡಿಯೋ ಅವನ್ನು ಕತ್ತರಿಸಿ, ವ್ಯಾಪಾರ ಕೇಂದ್ರದ ಒಂದೇ ಒಂದು ದೂರದ ನೋಟ ಇಟ್ಟು ಕೆಲಸ ಮುಗಿಸಿತು. ಭೂಕಂಪದ 20 ನಿಮಿಷಗಳಿಗೆ ಅಂಥ ರಿಪೇರಿಯ ಅಗತ್ಯ ಬೀಳಲಿಲ್ಲ.